ಪಕ್ಕದ ಮನೆಯ ಶೂ

ಯಡ್ತರೆಯ ಜಲಜಳಿಗೆ ಒಂದು ವಾರದಿಂದ ಊಟ ಸೇರುತ್ತಿರಲಿಲ್ಲ. ಕಾರಣ, ಪಕ್ಕದ ಮನೆಯ ಶ್ರಾವ್ಯಳ ಕಾಲಲ್ಲಿದ್ದ ನೀಲಿ ಶೂ. ಅದೂ ಓಟಗಾರರು ಹಾಕುವ ಕಂಪೆನಿ ಶೂ!

ಜಲಜ ಬೈಂದೂರು ಪೇಟೆಯಲ್ಲಿ ಮೀನು ಮಾರುವವಳು. ಶ್ರಾವ್ಯಳ ತಾಯಿ ಹರಿಣಾಕ್ಷಿಯೂ ಅವಳ ಮಗ್ಗುಲಲ್ಲೇ ಬುಟ್ಟಿ ಇಟ್ಟು ಕೂರುವವಳು. ಇಬ್ಬರ ಹೆಣ್ಣುಮಕ್ಕಳೂ ಎಂಟನೇ ಕ್ಲಾಸು, ಇಬ್ಬರೂ ನಾನೂರು ಮೀಟರ್ ಓಟದವರು. ಜಲಜಳ ಮಗಳು ಪೂಜಿತಾ ಹಳೆಯ ಕ್ಯಾನ್ವಾಸ್ ಶೂನಲ್ಲೇ ಎಲ್ಲರಿಗಿಂತ ಮುಂದೆ ಬರುತ್ತಿದ್ದಳು. ಆದರೂ ಜಲಜಳ ಹೊಟ್ಟೆಯೊಳಗೆ ಉರಿ. ತನ್ನಷ್ಟೇ ಮೀನು ಮಾರುವವಳಿಗೆ ಇಷ್ಟು ದುಡ್ಡು ಎಲ್ಲಿಂದ ಬಂತು?

ಕೇಳಲು ಮನಸ್ಸು ಬರಲಿಲ್ಲ. ಹರಿಣಾಕ್ಷಿಯ ಜೊತೆ ಮಾತೇ ಬಿಟ್ಟಳು. ಮೀನಿಲ್ಲದ ಮಳೆಗಾಲದ ಖರ್ಚಿಗೆಂದು ಕೂಡಿಟ್ಟ ಮೂರು ಸಾವಿರ ತೆಗೆದುಕೊಂಡು ಒಬ್ಬಳೇ ಕುಂದಾಪುರಕ್ಕೆ ಹೋಗಿ, ಅದಕ್ಕಿಂತ ಹೆಚ್ಚು ಮಿಂಚುವ ಕೆಂಪು ಶೂ ತಂದಳು.

"ಅಮ್ಮ, ಬೆರಳ್ ಒತ್ತತ್ತ್."

"ಹೊಸ್ತಲ್ದಾ? ಸಡ್ಲ ಆತ್ತ್. ಶ್ರಾವ್ಯ ಕಾಂಬ್ಹಾಂಗೆ ಹಾಕಂಡ್ ಹೋಗ್."

ಮೂರೇ ದಿನಕ್ಕೆ ಪೂಜಿತಾಳ ಹಿಮ್ಮಡಿಯ ಬೊಕ್ಕೆ ಒಡೆದು ಗಾಯವಾಯಿತು. ತಾಲೂಕು ಕ್ರೀಡಾಕೂಟ ಎದುರಿಗೇ ಇತ್ತು. ಕುಂಟುತ್ತ ಬರುವ ಹುಡುಗಿಯನ್ನು ಕಂಡು ಹರಿಣಾಕ್ಷಿ ಓಡಿ ಬಂದಳು.

"ಹ್ವಾಯ್ ಜಲಜಕ್ಕ, ಹೆಣ್ಣಿನ್ ಕಾಲಿಗೆ ಎಂತ ಆಯ್ತ್?"

"ನಿನ್ ಹಾಂಗೆ ದುಬಾರಿ ಶೂ ತರೂಕ್ ಹೋಯಿ ಹೀಂಗಾಯ್ತ್!" ಜಲಜಳ ಬಾಯಿಂದ ಉರಿ ಹೊರಬಿತ್ತು.

"ದುಬಾರಿಯಾ? ಅದ್ ಹಳೇದ್ ಮರ್ರೆ! ಗುಲ್ವಾಡಿಯ ನನ್ನಕ್ಕನ ಮಗಳದ್ದ್. ಅವ್ಳ್ ಕಾಲ್ ದೊಡ್ಡ ಆಯ್ತ್, ಶೂ ಹಾಂಗೇ ಇತ್ತ್. ತೊಳ್ದ್ ಹೊಸ ಲೇಸ್ ಹಾಕ್ದೆ, ಅಷ್ಟೆ."

"ನೀನ್ ಹೇಳ್ಲಿಲ್ಲ."

"ನೀವ್ ಕೇಣ್ಲಿಲ್ಲ."

ಜಲಜ ಬಗ್ಗಿ ಮಗಳ ಕಾಲಿನಿಂದ ಕೆಂಪು ಶೂ ಬಿಚ್ಚಿದಳು.

ಮರುದಿನ ಹರಿಣಾಕ್ಷಿ ಅವಳನ್ನು ಶಾಲೆಗೆ ಕರೆದೊಯ್ದಳು. ಆಟ ಕಲಿಸುವ ರತ್ನ ಟೀಚರ್ ಕಪಾಟು ತೆರೆದರು. ದೊಡ್ಡ ಮಕ್ಕಳು ಬಿಟ್ಟುಹೋದ ಶೂ, ಜರ್ಸಿ, ಸ್ಕಿಪ್ಪಿಂಗ್ ಹಗ್ಗ ಎಲ್ಲ ಅಲ್ಲಿದ್ದವು.

"ಮಕ್ಕಳ ಕಾಲ್ ವರ್ಷ ವರ್ಷ ಬೆಳಿತ್ತ್ ಜಲಜಕ್ಕ. ಮೊದ್ಲ್ ಶಾಲೆಲಿ ಕೇಣಿ, ಮತ್ತೆ ನೆರೆಕರೆಲಿ. ಸಿಕ್ಕದಿದ್ರೆ ಮಾತ್ರ ಅಂಗ್ಡಿ. ಅಲ್ಲಿಗೂ ಮಗುವನ್ನ ಕರ್ಕಂಡ್ ಹೋಗಿ. ಕಾಲ್ಬೆರಳಿನ್ ಮುಂದೆ ಕೈ ಹೆಬ್ಬೆರಳಿನ್ ಅಗಲದಷ್ಟ್ ಜಾಗ ಇರ್ಕ್. ಹಳೇದಾದ್ರೆ ಅಡಿ ಸವೆದಿತ್ತಾ ಕಾಣಿ."

ಆ ಸಲದ ತಾಲೂಕು ಕ್ರೀಡಾಕೂಟದಲ್ಲಿ ಪೂಜಿತಾ ಓಡಲಿಲ್ಲ. ಶ್ರಾವ್ಯ ಎರಡನೆಯವಳಾಗಿ ಬಂದಳು. ಮೈದಾನದ ಅಂಚಿನಲ್ಲಿ ಕುಳಿತಿದ್ದ ಜಲಜ ಒಂದು ಗಳಿಗೆ ಮತ್ತೆ ಆ ನೀಲಿ ಶೂವನ್ನು ಅಸೂಯೆಯಿಂದ ನೋಡಿದಳು. ಪಕ್ಕದಲ್ಲಿ ಮಗಳು ಗಾಯದ ಕಾಲಲ್ಲೇ ಎದ್ದು ನಿಂತು ಗೆಳತಿಗೆ ಚಪ್ಪಾಳೆ ತಟ್ಟುತ್ತಿದ್ದಳು. ಜಲಜ ಕೂಡ ಎದ್ದು ಚಪ್ಪಾಳೆ ತಟ್ಟಿದಳು.

ಕೆಂಪು ಶೂ ಶಾಲೆಯ ಕಪಾಟಿಗೆ ಸೇರಿತು. ಆರನೇ ಕ್ಲಾಸಿನ ಹುಡುಗಿಯೊಬ್ಬಳಿಗೆ ಅದು ಸರಿಯಾಗಿ ಹಿಡಿಯಿತು. ಪೂಜಿತಾಳ ಅಳತೆಯದೂ ಅಲ್ಲೇ ಸಿಕ್ಕಿತು.

ಅಕ್ಕಂದಿರೇ, ಅಣ್ಣಂದಿರೇ, ಮಕ್ಕಳ ಆಟಕ್ಕೆ ಖರ್ಚು ಮಾಡುವ ಮೊದಲು ನಾಲ್ಕು ಮನೆ ವಿಚಾರಿಸಿ. ನಿಮ್ಮ ಮಗುವಿಗೆ ಸಣ್ಣದಾದದ್ದನ್ನು ಇನ್ನೊಂದು ಮಗುವಿಗೆ ಕೊಡಿ. ಪಕ್ಕದ ಮನೆಯಲ್ಲಿ ಚೆಂದದ್ದು ಕಂಡರೆ ಮುಖ ತಿರುಗಿಸಬೇಡಿ. ಎಲ್ಲಿ ಸಿಕ್ಕಿತು ಎಂದು ಬಾಯಿಬಿಟ್ಟು ಕೇಳಿ.