ಗೇಟಿನಲ್ಲಿ ಬಾಯಿ ತಪಾಸಣೆ

"ನಾಲಿಗೆ ಚಾಚೇ ಬೋಳಿಮಗಳೇ! ಉದ್ದಕ್ಕೆ ಚಾಚು!"

ಸೂಪರ್‌ವೈಸರ್ ನನ್ನ ಅಕ್ಕನ ಗಲ್ಲ ಹಿಡಿದು ಮೇಲಕ್ಕೆತ್ತಿದ. ಅವಳ ಬಲಗೈ ಮೊಣಕೈವರೆಗೆ ಬೆಂದುಹೋಗಿತ್ತು. ಕುದಿನೀರಾದರೆ ಬಿದ್ದು ಜಾರಿ ಹೋಗುತ್ತದೆ. ಅಕ್ಕಿಯ ಪಾಕ ಹೋಗುವುದಿಲ್ಲ, ಅಂಟಿಕೊಂಡೇ ಬೇಯಿಸುತ್ತದೆ. ನಾವು ನೀರು ಸುರಿದು ಬಿಡಿಸಿದಾಗ ಪಾಕದ ಜೊತೆ ತೊಗಲೂ ಬಂದಿತ್ತು. ಗೇಟಿನಾಚೆ ಆಟೋ ಕಾಯುತ್ತಿತ್ತು. ಗೇಟಿಗೆ ಬೀಗ.

ನುಚ್ಚಕ್ಕಿ ಬೇಯಿಸಿ, ಗಂಜಿಗೆ ಅದೇನೋ ಪುಡಿ ಬೆರೆಸಿ ಸಿಹಿಯಾಗಿಸಿ, ಸೋಸಿ, ಜೇನಿನಷ್ಟು ಗಟ್ಟಿಯಾಗುವ ತನಕ ಕುದಿಸುವುದು ನಮ್ಮ ಕೆಲಸ. ಅದು ಬಿಸ್ಕತ್ತಿನ ಕಾರ್ಖಾನೆಗಳಿಗೆ ಹೋಗುತ್ತದೆ. ಪೊಟ್ಟಣದ ಮೇಲೆ "ಸಕ್ಕರೆ ಹಾಕಿಲ್ಲ" ಎಂದು ಬರೆದು ಮಾರುತ್ತಾರಂತೆ. ಉಳ್ಳವರಿಗೆ ಸಕ್ಕರೆ ಕಂಡರೆ ಜೀವಭಯ. ಕುದಿಸಿದ ನಮಗೆ ಪಾಳಿ ಮುಗಿದ ಮೇಲೆ ಬಾಯಿ ತಪಾಸಣೆ. ಗಂಡಸರಿಗೆ ಜೇಬು ತಡವಿದರೆ ಆಯಿತು. ಹೆಂಗಸರ ಬಾಯಿಗೆ ಸೂಪರ್‌ವೈಸರ್ ಬೆರಳು ತೂರಿಸಿ, ಒಸಡು ಸವರಿ, ಪಾಕ ಅಂಟಿದೆಯಾ ಎಂದು ನೋಡುತ್ತಾನೆ. "ಜೇನು ಕಿತ್ತವರು ಕೈ ನೆಕ್ಕದೆ ಇರ್ತಾರಾ?" ಎಂದು ಹಲ್ಲು ಕಿರಿಯುತ್ತಾನೆ. ನಾವು ಅವನಿಗೆ ಕಟ್ಟಿರುವೆ ಎಂದು ಹೆಸರಿಟ್ಟಿದ್ದೆವು.

"ಸಾರ್, ಆ ಪಾಕದ ಹಂಡೆ ನಲ್ಲಿ ಸೋರ್ತಿದೆ ಅಂತ ಅಕ್ಕ ಎಷ್ಟು ಸಲ ಬಡ್ಕೊಂಡ್ಳು ನಿಮ್ಹತ್ರ. ಇವತ್ತು ಕಿತ್ಕೊಂಡು ಬಂತು. ಮೊದ್ಲು ಆಸ್ಪತ್ರೆಗೆ ಬಿಡಿ," ಎಂದೆ.

"ನಲ್ಲಿ ಸುದ್ದಿ ಎತ್ತಿದ್ರೆ ಹಲ್ಲು ಉದುರಿಸ್ತೀನಿ. ಕದ್ದು ನೆಕ್ಕೋಕೆ ಕೈ ಹಾಕ್ದೆ ಅಂತ ಇವ್ಳೇ ಎಲ್ರ ಮುಂದೆ ಹೇಳ್ಲಿ, ಬೀಗ ತೆಗಿಸ್ತೀನಿ. ನಾಳೆ ಕಂಪನಿ ಮೇಲೆ ಕೇಸು ಗೀಸು ಅಂತ ಬರಬಾರ್ದು."

ಅಕ್ಕನ ಕಣ್ಣು ಮೇಲೆ ಹೋಗುತ್ತಿತ್ತು. "ಕದ್ದಿಲ್ಲ," ಎಂದಳು.

ಅವನು ಆ ಬೆಂದ ಕೈಯನ್ನೇ ಹಿಡಿದು ಹಿಂಡಿದ. ಅಕ್ಕ ಕಿರುಚಿ ಕುಸಿದಳು. ಅವನು ಅಂಗೈಗೆ ಅಂಟಿದ್ದನ್ನು ಪ್ಯಾಂಟಿಗೆ ಒರೆಸಿಕೊಂಡ.

"ನೆಕ್ಕಿದ್ದು ಅವ್ಳಲ್ಲ, ನಾನು," ಎಂದೆ. "ಬೇಕಾದ್ರೆ ನೋಡ್ಕೊ."

ಬಾಯಿ ಅಗಲಿಸಿದೆ. ಅವನು ಎರಡು ಬೆರಳು ತೂರಿಸಿದ. ಕಚ್ಚಿದೆ.

ಗೆಣ್ಣು ಲಟಕ್ಕೆಂದಿತು. ಬಾಯಿ ತುಂಬ ಬಿಸಿ ರಕ್ತ. ಅವನು ಇನ್ನೊಂದು ಕೈಯಲ್ಲಿ ನನ್ನ ಕಿವಿಗೆ, ಕಣ್ಣಿಗೆ ಗುದ್ದಿದ; ಹುಬ್ಬು ಒಡೆದು ಒಂದು ಕಣ್ಣು ಮುಚ್ಚಿಹೋಯಿತು. ನಾನು ಅವನ ಮಣಿಕಟ್ಟನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದಿದ್ದೆ.

"ಬಿಡಿಸ್ರೋ! ಕೊಲ್ತಾಳೆ ರಂಡೆ!"

ಯಾರೂ ಮುಂದೆ ಬರಲಿಲ್ಲ. ನನಗೋ ಮಾತಾಡಲು ಬಾಯಿ ಬಿಡುವಾಗಿರಲಿಲ್ಲ. ಹಂಡೆ ತಿಕ್ಕುವ ಮುದುಕಿ ನನ್ನ ಪರವಾಗಿ ಮಾತಾಡಿದಳು: "ಬೀಗ ತೆಗಿಸಪ್ಪ. ಇಲ್ಲಾಂದ್ರೆ ಇವತ್ತಿಂದ ಮೂರೇ ಬೆರಳಲ್ಲಿ ಉಣ್ಣೋದು ಕಲಿ."

"ತೆಗಿಯೋ ಸೂಳೇಮಗನೇ, ತೆಗಿಯೋ!" ಎಂದು ಅವನು ಕಾವಲುಗಾರನಿಗೆ ಅರಚಿದ.

ಗೇಟು ಕಿರ್ರೆಂದಿತು. ಹೆಂಗಸರು ಅಕ್ಕನನ್ನು ಗೋಣಿಯಲ್ಲಿ ಎತ್ತಿ ಆಟೋದಲ್ಲಿ ಮಲಗಿಸಿದರು. ಅವಳ ತಲೆ ಒಂದು ಕಡೆಗೆ ವಾಲಿತ್ತು. ಆಟೋ ತಿರುವು ದಾಟುವುದನ್ನು ಉಳಿದ ಒಂದು ಕಣ್ಣಿನಲ್ಲಿ ನೋಡಿದೆ.

"ಹೋದ್ಳಲ್ಲ, ಬಿಡೇ... ಬಿಡು ತಾಯಿ, ನಿನ್ನ ಕಾಲಿಗೆ ಬೀಳ್ತೀನಿ."

ಕಾವಲುಗಾರ ಕಬ್ಬಿಣದ ಸಲಾಕೆ ಹಿಡಿದು ಓಡಿ ಬರುತ್ತಿದ್ದ. ಅಕ್ಕ ಬದುಕುತ್ತಾಳೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ನಾನು ಹಲ್ಲು ಸಡಿಲಿಸಲಿಲ್ಲ.