ಬಂಗಿನ ಕೆನ್ನೆ

"ಮುಖಕ್ಕೆ ಬೇಡ ದೊಡ್ಡಮ್ಮ, ಕೈಗೆ ಹಚ್ಚಿ," ಎಂದು ಲತಾಮಣಿ ಎರಡೂ ಕೈಗಳನ್ನು ಮುಂದೆ ಚಾಚಿದಳು. ಬಟ್ಟಲು ಹಿಡಿದು ಮುತ್ತೈದೆಯರಿಗೆಲ್ಲ ಅರಿಶಿನ ಹಚ್ಚುತ್ತಾ ಬರುತ್ತಿದ್ದ ತಿಮ್ಮಕ್ಕನ ಕೈ ಅಲ್ಲೇ ನಿಂತಿತು. ಜರಗನಹಳ್ಳಿಯ ಆ ಮನೆಯಲ್ಲಿ ಲತಾಮಣಿಯ ಗಂಡನ ಅಕ್ಕನ ಮಗಳಿಗೆ ಅರಿಶಿನ ಶಾಸ್ತ್ರ. ಮದುವಣಗಿತ್ತಿಗೆ ಹಚ್ಚಿ ಉಳಿದ ಅರಿಶಿನವನ್ನು ಬೇಡವೆನ್ನುವ ಮುತ್ತೈದೆಯನ್ನು ಆ ಚಪ್ಪರದಡಿ ಯಾರೂ ಕಂಡಿರಲಿಲ್ಲ.

ಮಗು ಹುಟ್ಟಿದ ಮೇಲೆ ಲತಾಮಣಿಯ ಕೆನ್ನೆಗಳ ಮೇಲೆ ಬಂಗು ಹರಡಿತ್ತು. ಜಯನಗರದ ಸೀರೆ ಅಂಗಡಿಯ ಯಜಮಾನರು ಅವಳನ್ನು ಕೌಂಟರಿನಿಂದ ತೆಗೆದು ಒಳಗಿನ ಮೂಲೆಯಲ್ಲಿ ಸೀರೆ ಮಡಿಸಲು ಕೂರಿಸಿದ್ದರು. ಗಿರಾಕಿಯ ಹೆಗಲಿಗೆ ಸೆರಗು ಇಳಿಬಿಟ್ಟು ಮಾತಿನಲ್ಲೇ ಅರ್ಧ ವ್ಯಾಪಾರ ಮುಗಿಸುತ್ತಿದ್ದವಳು ಅವಳು. ಮುಖ ತಿಳಿಯಾದರೆ ಮತ್ತೆ ಕೌಂಟರ್ ಎಂದಿದ್ದರು. ಲೇಸರ್ ಮಾಡಿಸಿಕೊಳ್ಳುತ್ತಾ ಬಂದಿದ್ದರಿಂದ ಬಂಗು ಈಗಷ್ಟೇ ಮಾಸತೊಡಗಿತ್ತು. ನಿನ್ನೆ ಮಾಡಿಸಿಕೊಂಡದ್ದರ ಉರಿ ಇನ್ನೂ ಆರಿರಲಿಲ್ಲ. ಅರಿಶಿನ, ಕ್ರೀಮು ಏನೂ ಸೋಕಿಸಬೇಡಿ, ಕಲೆ ಇನ್ನೂ ಕಪ್ಪಾದೀತು ಎಂದು ಡಾಕ್ಟರು ಎಚ್ಚರಿಸಿ ಕಳಿಸಿದ್ದರು.

ಅತ್ತೆ ಗೋವಿಂದಮ್ಮ ಗೋಡೆಗೊರಗಿ ಕೂತಿದ್ದಳು. ಗಂಡ ಹೋದಂದಿನಿಂದ ಶಾಸ್ತ್ರಗಳಲ್ಲಿ ಅವಳಿಗೆ ಅದೇ ಜಾಗ. ಸ್ವಂತ ಮೊಮ್ಮಗಳಿಗೂ ಅರಿಶಿನ ಹಚ್ಚುವಂತಿರಲಿಲ್ಲ. ಲೇಸರ್ ಎಂದಾಗಲೇ "ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು" ಎಂದು ಚುಚ್ಚಿದ್ದವಳು ಈಗ ಸುಮ್ಮನಿರುತ್ತಾಳೆಯೇ?

"ಮುತ್ತೈದೆ ಬಾಯಲ್ಲಿ ಅರಿಶಿನ ಬೇಡ ಅಂತ ಬರಬಾರ್ದು ಕಣೇ. ಸುಮ್ನೆ ಹಚ್ಚಿಸ್ಕೋ."

"ಇಲ್ಲ ಅತ್ತೆ. ಮುಖ ಕೆಟ್ರೆ ನಂಗೆ ಮತ್ತೆ ಆ ಮೂಲೆನೇ ಗತಿ. ಯಾರೇನಂದ್ರೂ ಹಚ್ಚಿಸ್ಕೊಳಲ್ಲ."

"ನಿಂಗೆ ಹಚ್ಚೋಕೆ ಬಂದ್ರೆ ಬೇಡ ಅಂತೀಯ. ನಂಗ್ಯಾರು ಹಚ್ತಾರೆ?"

ಬೈಗುಳಕ್ಕೆ ಲತಾಮಣಿ ಸಿದ್ಧಳಾಗಿಯೇ ಬಂದಿದ್ದಳು, ಈ ಮಾತಿಗಲ್ಲ. ತಿಮ್ಮಕ್ಕನ ಕೈಯಿಂದ ಬಟ್ಟಲು ತೆಗೆದುಕೊಂಡು ಹೋಗಿ ಅತ್ತೆಯ ಮುಂದೆ ಮಂಡಿಯೂರಿದಳು.

"ಇದು ನನ್ನ ಪಾಲಿಂದು," ಎಂದು ಅವಳ ಕೆನ್ನೆಗೆ ಹಚ್ಚಿಬಿಟ್ಟಳು.

"ಏನೇ ಇದು, ಶುಭಕಾರ್ಯದಲ್ಲಿ," ಎಂದಳು ತಿಮ್ಮಕ್ಕ. ಗೋವಿಂದಮ್ಮನ ಕೈ ಸೆರಗಿಗೆ ಹೋಯಿತು. ಒರೆಸಿಕೊಳ್ಳುತ್ತಾಳೆಂದೇ ಎಲ್ಲರೂ ಅಂದುಕೊಂಡರು. ಅವಳು ಕಣ್ಣು ಮಾತ್ರ ಒತ್ತಿಕೊಂಡು ಸೆರಗನ್ನು ಮಡಿಲಿಗೆ ಬಿಟ್ಟಳು.

"ಒಂದೇ ಕೆನ್ನೆಗೆ ಹಚ್ಚಿ ಬಿಟ್ಬಿಡ್ತಾರೇನೇ?"

ಲತಾಮಣಿ ಮತ್ತೆ ಬಟ್ಟಲಿಗೆ ಬೆರಳದ್ದಿದಳು.