ಕೈಪಟ್ಟಿಯ ಸಂಖ್ಯೆ

ಅಣ್ಣನದು ಕಾರ್ಖಾನೆಯಲ್ಲಿ ಗೇರ್ ಚಕ್ರಗಳಿಗೆ ಹಲ್ಲು ಕೊರೆಯುವ ಕೆಲಸ. ಭಾಗಾಕಾರ ತಪ್ಪಿದರೆ ಕೊನೆಯ ಹಲ್ಲು ಅರ್ಧವಾಗಿ ಚಕ್ರವೇ ಗುಜರಿಗೆ. ಹಾಗಾಗಿ ಎಲ್ಲೇ ದೊಡ್ಡ ಸಂಖ್ಯೆ ಕಂಡರೂ ಭಾಗಿಸಿ ಒಡೆಯದಿದ್ದರೆ ಅವನಿಗೆ ತಿಂದ ಅನ್ನ ಅರಗುತ್ತಿರಲಿಲ್ಲ. ತಂಗಿ ತಪ್ಪು ಹೇಳಿದರಂತೂ ಮುಗಿಯಿತು; ಅವಳ ಮದುವೆಯ ದಿನವೂ ಕಾರಿನ ನಂಬರಿನ ವಿಚಾರಕ್ಕೆ ಎಲ್ಲರೆದುರು ಕಿವಿ ಹಿಂಡಿದ್ದ.

"ಒಂದೇ ಒಂದು ಸಲ ನಾನು ಹೇಳಿದ್ದು ಸರಿ ಅನ್ನೋ" ಎಂದು ಅವಳು ಗೋಗರೆದರೆ, "ಸರಿಯಿದ್ದ ದಿನ ಅಂತೀನಿ, ಹೋಗೆ" ಎನ್ನುತ್ತಿದ್ದ.

ಪಾರ್ಶ್ವವಾಯು ಬಡಿದು ಆಸ್ಪತ್ರೆಯಲ್ಲಿ ಮಲಗಿದ್ದ ಅಣ್ಣನಿಗೆ ಈ ಬೆಳಿಗ್ಗೆ ಮಾತು ಮರಳಿತ್ತು. "ಬುದ್ಧಿ ಎಷ್ಟು ಉಳಿದಿದೆಯೋ ಈಗಲೇ ಹೇಳೋಕಾಗಲ್ಲಮ್ಮ" ಎಂದು ಡಾಕ್ಟರು ಕೈಚೆಲ್ಲಿದರು. ಅದನ್ನು ತಿಳಿಯಲು ತಂಗಿಗೆ ಡಾಕ್ಟರೇನೂ ಬೇಕಿರಲಿಲ್ಲ. ಅಣ್ಣನ ಮಣಿಕಟ್ಟಿಗೆ ಕಟ್ಟಿದ್ದ ಪಟ್ಟಿಯಲ್ಲಿ 527527 ಎಂದಿತ್ತು. ಮೂರಂಕಿಯ ಸಂಖ್ಯೆಯನ್ನು ಎರಡು ಸಲ ಒತ್ತೊತ್ತಾಗಿ ಬರೆದರೆ ಅದು ಏಳಕ್ಕೂ ಹನ್ನೊಂದಕ್ಕೂ ಹದಿಮೂರಕ್ಕೂ ಭಾಗ ಹೋಗಿಯೇ ತೀರುತ್ತದೆ ಎಂದು ಅವಳಿಗೆ ಅರೆದು ಕುಡಿಸಿದವನೇ ಅವನು.

ಅವಳು ಬೇಕೆಂದೇ ಪಟ್ಟಿಯನ್ನು ಅವನ ಕಣ್ಣೆದುರು ಹಿಡಿದಳು.

"ನೋಡಣ್ಣಾ, ಇದು ಯಾವುದಕ್ಕೂ ಭಾಗ ಹೋಗಲ್ಲ."

ಹೇಳಿ, ಅವನ ಕೈಗೆ ಎಟುಕುವಂತೆ ಕಿವಿಯೊಡ್ಡಿ ಬಗ್ಗಿ ಕೂತಳು.

ಅಣ್ಣ ಅಂಕಿಗಳ ಮೇಲೆ ಬಹಳ ಹೊತ್ತು ಕಣ್ಣಾಡಿಸಿದ. ಆಮೇಲೆ ಕೈ ಎತ್ತಿ ಅವಳ ತಲೆ ಸವರಿದ.

"ಹೂಂ ಪುಟ್ಟಿ, ನೀನು ಹೇಳಿದ್ದೇ ಸರಿ."